ನಿಂತಲ್ಲೇ ನಿಂತ ಜೀಪಿನ ಮೀಟರು

ಮೀಟರಣ್ಣನನ್ನು ಮೊದಲ ಸಲ ಬೀದಿಯಲ್ಲಿ ನೋಡಿದವರು, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕತ್ತು ಬಗ್ಗಿಸಿ, ಕಣ್ಣು ನೆಲಕ್ಕೆ ನೆಟ್ಟು, ಕಂಕುಳಲ್ಲಿ ಉದ್ದನೆಯ ಪುಸ್ತಕ ಸಿಕ್ಕಿಸಿಕೊಂಡು ನಡೆಯುವ ಮನುಷ್ಯ. ನೀರಿನ ಮೀಟರುಗಳೆಲ್ಲ ಇರುವುದು ನೆಲದ ಮಟ್ಟದಲ್ಲಿ. ಮೂವತ್ತೊಂದು ವರ್ಷ ಅವನ್ನೇ ಓದಿದವನ ಕತ್ತು ಇನ್ನೆಲ್ಲಿಗೆ ತಿರುಗೀತು? ಊರಿನ ಜನರ ಮುಖ ಅವನಿಗೆ ಅಷ್ಟಕ್ಕಷ್ಟೆ. ಚಪ್ಪಲಿಗಳೆಲ್ಲ ಚೆನ್ನಾಗಿ ಗೊತ್ತು. ಎದುರಿಗೆ ಬಂದವರ ಕಾಲು ನೋಡಿಯೇ, "ಏನು, ನಿಮ್ಮ ಹಿತ್ತಲ ನಲ್ಲಿ ಇನ್ನೂ ತೊಟ್ಟಿಕ್ಕುತ್ತಾ?" ಎಂದು ಕೇಳುವ ಆಸಾಮಿ.

ಅವನಿಗೆ ಈ ಕೆಲಸ ಅಂದರೆ ಪ್ರಾಣ. ದಿನಕ್ಕೆ ಅರವತ್ತು ಮನೆ, ಅರವತ್ತು ಗೇಟು, ಅರವತ್ತು ಮಾತು. ಒಬ್ಬರ ಮನೆಯಲ್ಲಿ ಟೀ, ಇನ್ನೊಬ್ಬರ ಮನೆಯಲ್ಲಿ ಬೈಗುಳ, ಮತ್ತೊಬ್ಬರ ಮನೆಯಲ್ಲಿ ಮಗಳ ಪರೀಕ್ಷೆಯ ಚಿಂತೆ. ಎಲ್ಲವನ್ನೂ ಕೇಳಿಸಿಕೊಂಡು, ಮೀಟರಿನ ಮುಚ್ಚಳ ತೆಗೆದು, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ಇದಕ್ಕಿಂತ ಒಳ್ಳೆಯ ಬದುಕು ಇದೆ ಅಂತ ಯಾರಾದರೂ ಹೇಳಿದರೆ ಅವನು ನಂಬುತ್ತಿರಲಿಲ್ಲ.

ಹೀಗಿರುವಾಗ ಇಲಾಖೆಗೆ ಒಬ್ಬ ಹೊಸ ಇಂಜಿನಿಯರ್ ಸಾಹೇಬರು ಬಂದರು. ಬಂದವರೇ ಗುಡ್ಡದ ಲೈನನ್ನು ಇವನ ತಲೆಗೆ ಕಟ್ಟಿದರು. ಗುಡ್ಡದ ಮೇಲೆ ಇಪ್ಪತ್ಮೂರು ಮನೆ, ತುದಿಯಲ್ಲಿ ನೀರಿನ ಟ್ಯಾಂಕು. ದಾರಿ ಅನ್ನುವುದು ಬರೀ ಹೆಸರಿಗೆ. ಎಲ್ಲ ಕಲ್ಲು, ಕೊರಕಲು. ಸ್ಕೂಟರು ಹೋದರೆ ಸವಾರ ಒಂದು ಕಡೆ, ಸ್ಕೂಟರು ಇನ್ನೊಂದು ಕಡೆ. ಮೀಟರಣ್ಣನ ಮಂಡಿಗಳೋ, ಮನೆಯ ಮೂರು ಮೆಟ್ಟಿಲು ಹತ್ತುವಾಗಲೇ ಒಂದಕ್ಕೊಂದು ದೂರು ಹೇಳಿಕೊಳ್ಳುತ್ತಿದ್ದವು.

"ಆಗಲ್ಲ ಅಂದ್ರೆ ಬಲವಂತ ಇಲ್ಲಪ್ಪ," ಎಂದರು ಸಾಹೇಬರು, ಭಾರೀ ಉಪಕಾರ ಮಾಡುವವರ ದನಿಯಲ್ಲಿ. "ಮುಂದಿನ ತಿಂಗಳಿಂದ ಕೆಳಗೆ ರೆಕಾರ್ಡ್ ರೂಮಲ್ಲಿ ಕೂತ್ಕೊಳ್ಳಿ. ಆರಾಮಾಗಿ ಫ್ಯಾನ್ ಕೆಳಗೆ."

ರೆಕಾರ್ಡ್ ರೂಮು ಇರುವುದು ಕಟ್ಟಡದ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಹಳೆಯ ಪುಸ್ತಕಗಳ ರಾಶಿ, ಒಂದು ಟ್ಯೂಬ್‌ಲೈಟು, ಒಂದು ಕುರ್ಚಿ. ಅಲ್ಲಿ ಹಿಂದೆ ಕೂತಿದ್ದವರು ನಿವೃತ್ತಿಯ ಹೊತ್ತಿಗೆ ಫ್ಯಾನಿನ ಜೊತೆ ಮಾತಾಡಲು ಶುರುಮಾಡಿದ್ದರು ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಮೀಟರಣ್ಣನಿಗೆ ಆ ದಿನ ಊಟ ಸೇರಲಿಲ್ಲ. ಸರ್ವಿಸ್ ಇನ್ನೂ ಮೂರು ವರ್ಷ ಇತ್ತು.

ಆಗಲೇ ಅವನ ತಲೆಗೆ ದನದ ಡಾಕ್ಟ್ರ ಜೀಪು ಬಂದದ್ದು.

ದನದ ಡಾಕ್ಟ್ರು ಗುಡ್ಡದ ಬುಡದಲ್ಲೇ ಇರುವವರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಕಣ್ಣಿನ ದೃಷ್ಟಿ ಮಂದವಾದ ಮೇಲೆ ಗಾಡಿ ಓಡಿಸುವುದನ್ನೂ ಬಿಟ್ಟಿದ್ದರು. ಹಿತ್ತಲ ಶೆಡ್ಡಿನಲ್ಲಿ ಜೀಪು ಮೂರು ವರ್ಷದಿಂದ ನಿಂತಿತ್ತು. ಪ್ರತಿ ಭಾನುವಾರ ಡಾಕ್ಟ್ರು ಶೂ ಹಾಕಿಕೊಂಡು ಹೋಗಿ, ಇಂಜಿನ್ ಚಾಲೂ ಮಾಡಿ, ಕಾಲು ಗಂಟೆ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತು, ಆಫ್ ಮಾಡಿ ಬರುತ್ತಿದ್ದರು. ಹೆಂಡತಿ ಡಾಕ್ಟ್ರಮ್ಮ ಕೇಳಿದರೆ, "ಆರೋಗ್ಯ ನೋಡಿ ಬಂದೆ" ಎನ್ನುತ್ತಿದ್ದರು.

ಅಂಥದೊಂದು ಭಾನುವಾರ ಮೀಟರಣ್ಣ ಹೋದ.

"ಬಾರಯ್ಯ, ನೋಡು," ಎಂದರು ಡಾಕ್ಟ್ರು, ಬಾನೆಟ್ಟನ್ನು ಎತ್ತಿನ ಬೆನ್ನು ಚಪ್ಪರಿಸಿದಂತೆ ಚಪ್ಪರಿಸಿ. "ನಾಲ್ಕು ಚಕ್ರಕ್ಕೂ ಎಳೆತ ಇದೆ. ಈ ಗಾಡಿ ಹತ್ತದ ಗುಡ್ಡ ಇಲ್ಲ. ದೋಷ ಮುಚ್ಚಿಡೋನಲ್ಲ ನಾನು. ವೈಪರ್ ಒಂದೇ ಆಡುತ್ತೆ. ಎಡಗಡೆ ಬಾಗಿಲಿಗೆ ಹಗ್ಗ ಕಟ್ಟಬೇಕು. ಹಿಂದುಗಡೆ ನೆಲದಲ್ಲಿ ತಟ್ಟೆಯಷ್ಟು ತೂತು ಬಿದ್ದಿದೆ. ಗಾಳಿ ಚೆನ್ನಾಗಿ ಆಡುತ್ತೆ."

ಬೇರೆಯವರಾಗಿದ್ದರೆ ಟೈರು ಒದ್ದು ನೋಡುತ್ತಿದ್ದರು, ಕೆಳಗೆ ಬಗ್ಗಿ ತುಕ್ಕು ಕೆರೆಯುತ್ತಿದ್ದರು. ಮೀಟರಣ್ಣ ಅದ್ಯಾವುದನ್ನೂ ಮಾಡಲಿಲ್ಲ. ನೇರ ಒಳಗೆ ತಲೆ ತೂರಿಸಿ ಮೀಟರು ನೋಡಿದ. ಮೂರು ಲಕ್ಷ ನಲವತ್ತೊಂದು ಸಾವಿರದ ಎಂಟುನೂರ ಎಪ್ಪತ್ತಾರು.

"ಅಬ್ಬಬ್ಬಾ!" ಎಂದ.

"ಓಡಿದೆ, ಹೌದು. ಆದ್ರೆ ಮೂರು ವರ್ಷದಿಂದ ಒಂದು ಗೇಣು ಅಲ್ಲಾಡಿಲ್ಲ. ಗುಜರಿಯವನು ದಿನಾ ಬಂದು ಪೀಡಿಸ್ತಾನೆ. ತಿಂಗಳ ಕೊನೆವರೆಗೆ ನಿನಗೋಸ್ಕರ ತಡೀತೀನಿ, ಯೋಚನೆ ಮಾಡು."

ಮೀಟರಣ್ಣ ಜೇಬಿನ ಸಣ್ಣ ಪುಸ್ತಕ ತೆಗೆದು ತಾರೀಕು, ರೀಡಿಂಗು ಬರೆದುಕೊಂಡ. ಯಾಕೆ ಎಂದು ಕೇಳಬೇಡಿ. ಮೀಟರು ಕಂಡಮೇಲೆ ಬರೆದುಕೊಳ್ಳದೆ ಬಂದರೆ ಅವನಿಗೆ ಅವತ್ತು ನಿದ್ದೆ ಹತ್ತುವುದಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವನ ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಕಾಲ್ತುಳಿತದ ಹೊಲಿಗೆ ಮಿಷನ್ನು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಲೋಕದ ಎಲ್ಲ ವಿಷಯಕ್ಕೂ ತೀರ್ಪು ಕೊಡುವವಳು. ಅವನು ನಾಲ್ಕು ಚಕ್ರದ ಎಳೆತ, ಬಾನೆಟ್ಟು, ಗಾಳಿ ಎಲ್ಲ ವರ್ಣಿಸಿ ಮುಗಿಸುವವರೆಗೂ ಪೆಡಲ್ ತುಳಿಯುತ್ತಲೇ ಇದ್ದಳು. ಆಮೇಲೆ ಪಿನ್ನು ತೆಗೆದು ಕೇಳಿದಳು:

"ಎಲ್ಲಾ ಸರಿ ರೀ, ಓಡಿಸೋರು ಯಾರು?"

"ಯಾಕೆ? ನನ್ನ ಹತ್ರ ಲೈಸೆನ್ಸ್ ಇಲ್ವಾ?"

ಅವಳು ಪಿನ್ನು ಮತ್ತೆ ಬಾಯಿಗೆ ಕಚ್ಚಿಕೊಂಡಳು. ಉತ್ತರ ಹೇಳುವ ಅಗತ್ಯವೇ ಇರಲಿಲ್ಲ. ಲೈಸೆನ್ಸ್ ಬಂದ ವಾರವೇ, ಅದಾಗಿ ಇಪ್ಪತ್ತೆರಡು ವರ್ಷವಾಯಿತು, ಇವನು ಷಡ್ಡಕನ ಕಾರು ತೆಗೆದುಕೊಂಡು ಹೊರಟು, ಬ್ರೇಕು ಅಂದುಕೊಂಡು ಇನ್ನೊಂದನ್ನು ಒತ್ತಿ, ಹೋಗಿ ಹೋಗಿ ತನ್ನ ಇಲಾಖೆಯ ಮುಖ್ಯ ಕೊಳವೆಯ ಮೇಲೇ ಕಾರು ಹತ್ತಿಸಿದ್ದ. ನೀರು ಎರಡಾಳೆತ್ತರ ಚಿಮ್ಮಿತ್ತು. ಅರ್ಧ ಊರಿಗೆ ಎರಡು ದಿನ ಕುಡಿಯಲು ನೀರಿರಲಿಲ್ಲ. ಆಮೇಲೆ ಅವನು ಸ್ಟೇರಿಂಗ್ ಮುಟ್ಟಿದವನಲ್ಲ. ಷಡ್ಡಕ ಈಗಲೂ ಇವನನ್ನು ಕಂಡರೆ ಕಾರಿನ ಕೀಲಿಯನ್ನು ಜೇಬಿನ ಆಳಕ್ಕೆ ತಳ್ಳುತ್ತಾನೆ.

"ಮುದಿ ಗಾಡಿ, ಮುದಿ ಮಂಡಿ. ಎರಡಕ್ಕೂ ಒಟ್ಟಿಗೆ ಎಣ್ಣೆ ಹಚ್ಚಬೇಕಾಗುತ್ತೆ. ಸುಮ್ನಿರಿ," ಎಂದು ಹೆಂಡತಿ ಮತ್ತೆ ಮಿಷನ್ ತುಳಿಯತೊಡಗಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮೀಟರಣ್ಣ ಬಿಡುವವನೇ? ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಮತ್ತೆ ಡಾಕ್ಟ್ರ ಶೆಡ್ಡಿಗೆ ಹೋದ. ಸುಮ್ಮನೆ ಇನ್ನೊಂದು ಸಲ ಕಣ್ತುಂಬ ನೋಡಿ ಬರೋಣವೆಂದು. ಮೀಟರಿನ ಮೇಲೆ ಕಣ್ಣು ಬಿತ್ತು. ಎಂಟುನೂರ ಎಂಬತ್ತೆಂಟು.

ಪುಸ್ತಕ ತೆಗೆದ. ಕನ್ನಡಕ ಒರೆಸಿಕೊಂಡ. ಹನ್ನೆರಡು ಕಿಲೋಮೀಟರು ಏರಿದೆ.

"ಡಾಕ್ಟ್ರೇ, ಗಾಡಿ ಎಲ್ಲಿಗಾದ್ರೂ ಹೋಗಿತ್ತಾ?"

"ಎಲ್ಲಿಗೂ ಇಲ್ವಲ್ಲ," ಎಂದರು ಡಾಕ್ಟ್ರು, ಶೆಡ್ಡಿನ ಸೂರಿನ ಕಡೆ ನೋಡುತ್ತ. "ಅಲ್ಲಾಡೇ ಇಲ್ಲ."

ಇಲ್ಲಿ ಮೀಟರಣ್ಣನ ಕಸುಬಿನ ಬುದ್ಧಿಯ ವಿಷಯ ಸ್ವಲ್ಪ ಹೇಳಬೇಕು. ಬೀಗ ಹಾಕಿದ ಮನೆಯ ನೀರಿನ ಮೀಟರು ಏರುತ್ತಿದ್ದರೆ ಅದಕ್ಕೆ ಇಲಾಖೆಯಲ್ಲಿ ಒಂದು ಕ್ರಮವಿದೆ. ಯಾರನ್ನೂ ಕೇಳಬಾರದು, ಕೇಳಿದರೆ ಎಲ್ಲರೂ ನಮಗೇನು ಗೊತ್ತು ಅನ್ನುತ್ತಾರೆ. ಮೂರು ರೀಡಿಂಗ್ ತೆಗೆದುಕೊಳ್ಳಬೇಕು, ವ್ಯತ್ಯಾಸ ಬರೆಯಬೇಕು, ಕಾರಣದ ಕಾಲಂ ಖಾಲಿ ಬಿಡಬೇಕು. ಆಮೇಲೆ ಮೀಟರಿನ ಪಕ್ಕದಲ್ಲೇ ಕೂತು ಕಾಯಬೇಕು. ಸೋರಿಕೆಯಾದರೆ ಸೋರಿಕೆ ಸಿಗುತ್ತದೆ, ಕಳ್ಳ ಬಳಕೆಯಾದರೆ ಕಳ್ಳ ಸಿಗುತ್ತಾನೆ. ಈ ಕ್ರಮದಿಂದ ಅವನು ಎಷ್ಟೋ ಬೀಗದ ಮನೆಗಳ ಒಡೆದ ಪೈಪು ಹಿಡಿದಿದ್ದ. ಹಾಗಾಗಿ ಬೇರೆ ಯಾರೇ ಆಗಿದ್ದರೂ ಡಾಕ್ಟ್ರಮ್ಮನನ್ನು ಒಂದು ಮಾತು ಕೇಳಿ ಮುಗಿಸುತ್ತಿದ್ದ ವಿಷಯಕ್ಕೆ ಈ ಮಹಾಶಯ ಸಣ್ಣ ಪುಸ್ತಕದಲ್ಲಿ ಒಂದು ಪುಟ ತೆರೆದು, ಮೇಲೆ 'ಖಾಲಿ ಮನೆ' ಎಂದು ಬರೆದು, ಕಾಲಂ ಎಳೆದ.

ಮೂರನೆಯ ರೀಡಿಂಗು ಮುಂದಿನ ಮಂಗಳವಾರ ಬೆಳಿಗ್ಗೆ. ಒಂಬೈನೂರ ಹನ್ನೆರಡು. ಇಪ್ಪತ್ತನಾಲ್ಕು ಏರಿಕೆ. ಕೂತು ಲೆಕ್ಕ ಹಾಕಿದ. ಗುರುವಾರದಿಂದೀಚೆಗೆ, ಭಾನುವಾರ ಬಿಟ್ಟರೆ, ದಿನಕ್ಕೆ ಸರಿಯಾಗಿ ಆರು! ಕಳ್ಳನಿಗೂ ವಾರದ ರಜೆ ಇದೆಯಲ್ಲ ಎಂದು ಬೆರಗಾದ.

ಇಷ್ಟರಲ್ಲಿ ಅವನ ನಿದ್ದೆ ಹಾರಿಹೋಗಿತ್ತು. ಮೀಟರಿಗೇ ಹುಚ್ಚು ಹಿಡಿದು ನಿಂತಲ್ಲೇ ಓಡುತ್ತಿದ್ದರೆ ಆ ಮೂರು ಲಕ್ಷದ ಲೆಕ್ಕವೇ ಸುಳ್ಳು. ಸುಳ್ಳು ಮೀಟರಿನ ಗಾಡಿಯನ್ನು ಅವನು ಸತ್ತರೂ ಕೊಳ್ಳುವುದಿಲ್ಲ. ಯಾರೋ ಕದ್ದು ಓಡಿಸುತ್ತಿದ್ದರೆ ತಾನು ಕೊಳ್ಳಲು ಹೂಂ ಅನ್ನುವ ಹೊತ್ತಿಗೆ ಗಾಡಿಯಲ್ಲಿ ಏನೂ ಉಳಿದಿರುವುದಿಲ್ಲ. ಜೀಪು ಇಲ್ಲದಿದ್ದರೆ ಒಂದನೇ ತಾರೀಕಿಗೆ ರೆಕಾರ್ಡ್ ರೂಮು, ಟ್ಯೂಬ್‌ಲೈಟು, ಫ್ಯಾನಿನ ಜೊತೆ ಮಾತುಕತೆ. ತಿಂಗಳು ಮುಗಿಯಲು ಐದು ದಿನ ಇತ್ತು.

ಊರಿನ ಪ್ರತಿ ಮೀಟರಿನ ಮೇಲೂ ಕಣ್ಣಿಟ್ಟ ಈ ಮನುಷ್ಯನಿಗೆ ತನ್ನ ಮನೆಯೊಳಗೆ ಏನಾಗುತ್ತಿದೆ ಎನ್ನುವುದು ಮಾತ್ರ ಕಾಣಲಿಲ್ಲ ನೋಡಿ. ಹೆಂಡತಿ ಅಂಗಡಿಗೆ ಮಧ್ಯಾಹ್ನ ಎರಡರಿಂದ ನಾಲ್ಕು 'ವಿರಾಮ' ಎಂದು ಬೋರ್ಡು ನೇತುಹಾಕಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ವಿರಾಮ ತೆಗೆದುಕೊಂಡದ್ದೇ ಇಲ್ಲ. ತೋಳಿನ ಮೇಲೆ ಕಪ್ಪು ಗ್ರೀಸಿನ ಗೆರೆ ಕಂಡು, "ಮಿಷನ್‌ಗೆ ಎಣ್ಣೆ ಹಾಕಿದ್ಯಾ?" ಎಂದು ಕೇಳಿದ. ಹೂಂ ಎಂದಳು. ಅಷ್ಟೇ, ಇವನು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ.

ಬುಧವಾರ ಅರ್ಧ ದಿನ ರಜೆ ಹಾಕಿದ. ಸಾಹೇಬರು ಕಾರಣ ಕೇಳಿದರೆ, "ಸೋರಿಕೆ ತಪಾಸಣೆ" ಎಂದ. ಮಧ್ಯಾಹ್ನ ಡಾಕ್ಟ್ರು ಊಟ ಮಾಡಿ ಮಲಗುವ ಹೊತ್ತು ನೋಡಿ ಹಿತ್ತಲ ಬಾಗಿಲಿಂದ ನುಸುಳಿ, ಮೀಟರು ನೋಡಿದ: ಒಂಬೈನೂರ ಹದಿನೆಂಟು. ನಿನ್ನೆಯದೂ ಸೇರಿದೆ. ಜೀಪಿನ ಹಿಂಭಾಗಕ್ಕೆ ಹತ್ತಿ, ಸೀಟಿನ ಹಿಂದೆ ಮುದುರಿಕೊಂಡು ಮಲಗಿ, ಮೇಲೆ ಹಳೆಯ ಟಾರ್ಪಾಲು ಎಳೆದುಕೊಂಡ. ದನದ ಔಷಧಿಯ ನಾತ ಮೂಗಿಗೆ ಬಡಿಯಿತು. ಮುಖದ ನೇರಕ್ಕೆ ಆ ತಟ್ಟೆಯಗಲದ ತೂತು. ಅದರಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು.

ಎರಡೂಕಾಲು ಗಂಟೆಗೆ ಚಪ್ಪಲಿಯ ಸದ್ದು. ಒಂದಲ್ಲ, ಎರಡು ಜೊತೆ. ಮೊದಲ ಜೊತೆ ತೂತಿನಲ್ಲಿ ಓರೆಯಾಗಿ ಕಂಡು ಜೀಪಿನ ಪಕ್ಕ ಹಾದುಹೋಯಿತು: ಕಪ್ಪು, ದಪ್ಪ ಹಿಮ್ಮಡಿ. ಡಾಕ್ಟ್ರಮ್ಮ! ಎರಡನೆಯದು ಬಂತು. ಕಂದು ಬಣ್ಣದ್ದು, ಎಡಗಾಲಿನ ಪಟ್ಟಿ ಕಿತ್ತು ಹೋಗಿದ್ದಕ್ಕೆ ಹಸಿರು ದಾರದಲ್ಲಿ ಹೊಲಿಗೆ ಹಾಕಿದೆ. ಆ ಹಸಿರು ದಾರದ ಉಂಡೆಯನ್ನು ಅಂಗಡಿಯಿಂದ ತಂದುಕೊಟ್ಟವನು ತಾನೇ.

ಮೀಟರಣ್ಣ ಟಾರ್ಪಾಲನ್ನು ಇನ್ನಷ್ಟು ಎಳೆದುಕೊಂಡ. ಜೀಪು ಗುರ್ ಅಂದಿತು.

"ಕ್ಲಚ್ಚು ನಿಧಾನಕ್ಕೆ ಬಿಡು ಕಣಮ್ಮ. ಹಾಂ, ಹಾಗೆ. ನಿನ್ನ ಕಾಲಿಗೆ ಹೇಳಿಕೊಡೋದೇ ಬೇಡ," ಎಂದಿತು ಡಾಕ್ಟ್ರಮ್ಮನ ದನಿ. ಗಂಡನ ಪಕ್ಕ ಕೂತು ಕೂತೇ ಜೀಪಿನ ಗುಟ್ಟೆಲ್ಲ ಕಲಿತವರು ಅವರು.

"ಇಪ್ಪತ್ತೆಂಟು ವರ್ಷ ಪೆಡಲ್ ತುಳಿದ ಕಾಲು ಅಕ್ಕಾ. ರೇಷ್ಮೆಗೆ ಎಷ್ಟು ಒತ್ತಬೇಕು, ಗೋಣಿಗೆ ಎಷ್ಟು ಒತ್ತಬೇಕು, ಅದಕ್ಕೇ ಗೊತ್ತು," ಎಂದಳು ಅವನ ಹೆಂಡತಿ. "ಏಯ್, ಸುಮ್ನೆ ನಡಿ ಮುಂಡೇದೇ!" ಇದು ಜೀಪಿಗೆ. ದಾರ ತುಂಡಾದಾಗ ಹೊಲಿಗೆ ಮಿಷನ್ನಿಗೂ ಅವಳು ಬೈಯುವುದು ಇದನ್ನೇ.

ತೂತಿನಲ್ಲಿ ನೆಲ ಓಡತೊಡಗಿತು. ಮೊದಲು ಮಣ್ಣು, ಆಮೇಲೆ ಜಲ್ಲಿ, ಆಮೇಲೆ ಗುಡ್ಡದ ಕಲ್ಲುಗಳು. ಡಾಕ್ಟ್ರಮ್ಮ ಫೋರ್ ವೀಲ್ ಹಾಕು ಎಂದರು. ಎಲ್ಲೋ ಕಟಕ್ ಎಂದಿತು. ಜೀಪು ಹಲ್ಲು ಕಚ್ಚಿ ಹತ್ತತೊಡಗಿತು. ಮೀಟರಣ್ಣನಿಗೆ ಇನ್ನು ಜೀವ ಉಳಿಯುವುದಿಲ್ಲ ಅನ್ನಿಸಿದರೂ ಬುದ್ಧಿ ತನ್ನ ಕೆಲಸ ಮಾಡುತ್ತಲೇ ಇತ್ತು. ಟ್ಯಾಂಕಿನ ತನಕ ಹತ್ತೋಕೆ ಎರಡು, ಇಳಿಯೋಕೆ ಎರಡು, ಟ್ಯಾಂಕಿನ ಪಕ್ಕದ ಬಯಲಲ್ಲಿ ಸುತ್ತು ಹೊಡೆಯೋಕೆ ಎರಡು. ಆರು! ಸರಿಹೋಯಿತು.

"ಅಲ್ಲಮ್ಮ, ನಿಮ್ಮೋರಿಗೆ ಯಾವಾಗ ಹೇಳ್ತೀಯಾ? ನಮ್ಮೋರಿಗೆ ಅವರ ಹತ್ರ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಮೊನ್ನೆ ಬಂದು ಮೀಟರ್ ನೋಡ್ತಿದ್ರಂತೆ."

"ಪೂರ್ತಿ ಬರಲಿ ಅಕ್ಕಾ. ಈ ತಿರುವು ಒಂದು ಸಲಾನೂ ನಿಲ್ಲಿಸದೆ ಹತ್ತಿಸೋದು ಕಲೀಲಿ. ಈಗಲೇ ಹೇಳಿಬಿಟ್ಟು, ಆಮೇಲೆ ನನ್ನ ಕೈಲಿ ಆಗಲಿಲ್ಲ ಅಂದ್ರೆ? ಆಸೆ ತೋರಿಸಿ ಕಿತ್ಕೊಂಡ ಹಾಗಾಗುತ್ತೆ." ಗೇರು ಬದಲಾಯಿತು. "ರೆಕಾರ್ಡ್ ರೂಮು ಅಂದ ದಿನದಿಂದ ಅವರಿಗೆ ನಿದ್ದೆ ಇಲ್ಲ. ನಿದ್ದೆ ಬಂದ್ರೂ ನಿದ್ದೇಲಿ ಮನೆ ನಂಬರ್ ಹೇಳ್ತಿರ್ತಾರೆ. ಆ ಕತ್ತಲೆ ಕೋಣೇಲಿ ಕೂರಿಸಿದ್ರೆ ಆರು ತಿಂಗಳು ಬದುಕಲ್ಲ ಅಕ್ಕಾ ನಮ್ಮೆಜಮಾನ್ರು. ನಾಲ್ಕು ಮನೆ ಬಾಗಿಲು ತಟ್ಟಿದ್ರೇನೇ ಅವರಿಗೆ ಊಟ ಸೇರೋದು."

ಟಾರ್ಪಾಲಿನ ಕೆಳಗೆ ಮೀಟರಣ್ಣನ ಕಣ್ಣು ತುಂಬಿ ಬಂತು. ಔಷಧಿಯ ನಾತಕ್ಕೆ ಅಂತ ಬೇರೆ ಯಾರಿಗಾದರೂ ಹೇಳಬಹುದಿತ್ತು, ತನಗೆ ತಾನೇ ಹೇಳಿಕೊಳ್ಳಲು ಆಗಲಿಲ್ಲ. ಕೈಹಿಡಿದು ಇಷ್ಟು ವರ್ಷವಾದರೂ ಇವಳು ಪಿನ್ನು ಕಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದಳೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ದೊಡ್ಡ ತಿರುವು ಬಂತು. ಜೀಪು ಓರೆಯಾಯಿತು. ಮಡಚಿಟ್ಟ ಎಡ ಮಂಡಿ ಪಟ್ಟನೆ ಹಿಡಿದುಕೊಂಡಿತು.

"ಅಯ್ಯಯ್ಯೋ! ಸತ್ತೆ!"

ಮುಂದಿನಿಂದ ಎರಡು ಚೀರಾಟ. ಇಂಜಿನ್ ಗಕ್ಕೆಂದು ನಿಂತಿತು. ಜೀಪು ಹಿಂದಕ್ಕೆ ಜಾರತೊಡಗಿತು. ತೂತಿನಲ್ಲಿ ಕಲ್ಲುಗಳು ಈಗ ತಿರುಗುಮುರುಗಾಗಿ ಓಡಿದವು.

"ಬ್ರೇಕು! ಬ್ರೇಕು ಕಣೇ! ಇನ್ನೊಂದನ್ನ ಒತ್ತಬೇಡ!" ಎಂದು ಟಾರ್ಪಾಲು ಕಿರುಚಿತು.

ಅವಳು ಇನ್ನೊಂದನ್ನು ಒತ್ತಲಿಲ್ಲ. ಒತ್ತಬೇಕಾದ್ದನ್ನೇ ಒತ್ತಿ, ಹ್ಯಾಂಡ್‌ಬ್ರೇಕು ಎಳೆದಳು. ಜೀಪು ನಿಂತಿತು. ಆಮೇಲೆ ಹಿಂದೆ ತಿರುಗಿ, ಸ್ಟೇರಿಂಗ್ ಬಿಡದೆಯೇ ಒಂದು ಕೈಯಲ್ಲಿ ಟಾರ್ಪಾಲು ಎಳೆದಳು.

"ರೀ! ಏನ್ ಮಾಡ್ತಿದೀರಾ ಇಲ್ಲಿ?"

ಮೀಟರಣ್ಣನ ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಮಂಡಿ. ಉಳಿದಿದ್ದ ಮರ್ಯಾದೆಯನ್ನೆಲ್ಲ ಒಟ್ಟುಮಾಡಿ ಹೇಳಿದ: "ರೀಡಿಂಗ್ ತಗೋತಿದೀನಿ."

ಡಾಕ್ಟ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಗಲು ಶುರುಮಾಡಿದರು. ನಕ್ಕು ನಕ್ಕು ಎಡಗಡೆ ಬಾಗಿಲಿನ ಹಗ್ಗ ಬಿಚ್ಚಿಹೋಯಿತು. ಹೆಂಡತಿ ಮಾತ್ರ ನಗಲಿಲ್ಲ. ಮುಂದಿನ ಏರನ್ನೇ ನೋಡುತ್ತಿದ್ದಳು.

"ಇಲ್ಲಿಂದಾನೇ ಮತ್ತೆ ಎತ್ತಬೇಕು. ಇದುವರೆಗೂ ನಾನು ಈ ತಿರುವಲ್ಲಿ ನಿಲ್ಲಿಸಿ ಎತ್ತಿಲ್ಲ. ಭಯ ಆದ್ರೆ ಇಳೀರಿ. ನಡ್ಕೊಂಡು ಮೇಲೆ ಬನ್ನಿ," ಎಂದಳು.

ಮೀಟರಣ್ಣ ಹಿಂದೆ ನೋಡಿದ. ದಾರಿ ಕೆಳಕ್ಕೆ ಬಾವಿಯಂತೆ ಇಳಿದಿತ್ತು. ಮುಂದೆ ನೋಡಿದ, ಗೋಡೆಯಂತೆ ಎದ್ದು ನಿಂತಿತ್ತು. ಇಳಿಯಬೇಕೆಂದು ಮಂಡಿಯೂ ಹೇಳಿತು, ಇಪ್ಪತ್ತೆರಡು ವರ್ಷದ ಹಿಂದಿನ ಕೊಳವೆಯೂ ಹೇಳಿತು. ಇಷ್ಟು ದಿನ ಕಾಲಂ ಎಳೆದು ಯೋಚಿಸಿದ್ದೆಲ್ಲ ಗಾಡಿಯನ್ನು ನಂಬಿ ಕೂರಬಹುದೇ ಎಂಬ ಈ ಒಂದು ಪ್ರಶ್ನೆಯೇ ಅಂತ ಅವನಿಗೆ ಗೊತ್ತಾಯಿತು. ಅವಳ ಕಾಲು ನೋಡಿದ. ಹಸಿರು ದಾರದ ಚಪ್ಪಲಿ ಕ್ಲಚ್ಚಿನ ಮೇಲೆ ಮೆತ್ತಗೆ ಕೂತಿತ್ತು.

"ಇಳಿಯಲ್ಲ. ನಡಿ," ಎಂದ.

ಇಂಜಿನ್ ಹೊತ್ತಿತು. ಹಿಮ್ಮಡಿ ಕೂದಲೆಳೆಯಷ್ಟು ಮೇಲೆದ್ದಿತು, ಜೀಪು ನಡುಗಿತು, ಹ್ಯಾಂಡ್‌ಬ್ರೇಕು ಇಳಿಯಿತು, ಜೀಪು ಹಿಂದಕ್ಕೆ ಒಂದು ಬೆರಳೂ ಜಾರದೆ ಮುಂದಕ್ಕೆ ಹೊರಟಿತು. ತಿರುವು ದಾಟಿ ನೇರ ಟ್ಯಾಂಕಿನ ಪಕ್ಕಕ್ಕೇ ಬಂದು ನಿಂತಿತು.

ಇಳಿದು ಬಂದಾಗ ಡಾಕ್ಟ್ರು ಗೇಟಿನಲ್ಲೇ ನಿಂತಿದ್ದರು. ಕಣ್ಣು ಮಂದವಾದರೂ ಕಿವಿ ಚುರುಕು.

"ಏನಯ್ಯ, ಇವತ್ತು ಗಾಡಿ ಭಾರ ಎಳೆದ ಹಾಗಿತ್ತಲ್ಲ? ಸಿಕ್ಕಿಬಿದ್ಯಾ?"

"ಡಾಕ್ಟ್ರೇ, ಗಾಡಿ ನನಗೇ ಬೇಕು. ಗುಜರಿಯವನಿಗೆ ಆಗಲ್ಲ ಅಂತ ಹೇಳಿಬಿಡಿ," ಎಂದ ಮೀಟರಣ್ಣ, ಎದೆ ಸೆಟೆಸಿ. ಬದುಕಿನಲ್ಲಿ ಇಷ್ಟು ದೊಡ್ಡ ನಿರ್ಧಾರವನ್ನು ಅವನು ಇಷ್ಟು ಬೇಗ ಮಾಡಿದ್ದಿಲ್ಲ.

"ಅವನಿಗೆ ಹೇಳಿ ಒಂಬತ್ತು ದಿನ ಆಯ್ತು," ಎಂದರು ಡಾಕ್ಟ್ರು. "ನೀನು ಬಂದು ಹೋದ ಮಾರನೇ ದಿನಾನೇ ನಿನ್ನ ಹೆಂಡತಿ ಬಂದು ಮುಂಗಡ ಕೊಟ್ಟು ಹೋದಳಲ್ಲ."

ಮೀಟರಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ತೋಳಿನ ಗ್ರೀಸು ಒರೆಸಿಕೊಳ್ಳುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಒಂದನೇ ತಾರೀಕು ಬೆಳಿಗ್ಗೆ ಆಫೀಸಿನ ಮುಂದೆ ಜೀಪು ಬಂದು ನಿಂತಾಗ ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹಿಂದಿನ ವಾರವಷ್ಟೇ ಎಲ್ ಬೋರ್ಡಿನ ಲೈಸೆನ್ಸ್ ಕೈಗೆ ಬಂದ ಡ್ರೈವರು ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡೇ ಕೂತಿದ್ದಳು. ಮರೆತು ಹಾಗೇ ಬಂದಿದ್ದಳು. "ಇದೇನ್ರೀ, ಇಲಾಖೆ ಕೆಲಸಕ್ಕೆ ಮನೆಯವರು?" ಎಂದರು ಸಾಹೇಬರು. "ಗುಡ್ಡ ಹತ್ತಿ ಓದಿಕೊಂಡು ಬಾ ಅಂದ್ರಿ ಸಾರ್. ಹೇಗೆ ಹತ್ತಬೇಕು ಅಂತ ಆರ್ಡರಲ್ಲಿ ಬರೆದಿಲ್ಲ," ಎಂದು ಮೀಟರಣ್ಣ ಪುಸ್ತಕ ಕಂಕುಳಿಗೆ ಸಿಕ್ಕಿಸಿ ಹೊರಟ. ಸಾಹೇಬರು ಆರ್ಡರು ತೆಗೆದು ಓದಿದರಂತೆ. ನಿಜವಾಗಿಯೂ ಬರೆದಿರಲಿಲ್ಲ.

ಗುಡ್ಡದ ಮೊದಲ ಮನೆಯ ಮುಂದೆ ಜೀಪು ನಿಂತಿತು. ಮೀಟರಣ್ಣ ಪೆನ್ನು ಹುಡುಕುವಾಗ ಸಣ್ಣ ಪುಸ್ತಕ ಜಾರಿ ಸೀಟಿನ ಮೇಲೆ ಬಿತ್ತು. ಹೆಂಡತಿ ಎತ್ತಿಕೊಂಡಳು. 'ಖಾಲಿ ಮನೆ' ಪುಟ. ತಾರೀಕು, ರೀಡಿಂಗು, ವ್ಯತ್ಯಾಸ. ಇಷ್ಟು ದಿನ ಖಾಲಿಯಿದ್ದ ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ, ಇಲಾಖೆಯ ದುಂಡು ಅಕ್ಷರದಲ್ಲಿ, ಪ್ರತಿ ಸಾಲಿಗೂ ಒಂದೇ ಮಾತು ಬರೆದಿತ್ತು: 'ಹೆಂಡತಿ'.

"ಇದೇನು ರೀ, ನನ್ನ ಮೇಲೆ ದೂರು ಬರೆದಿದೀರಾ?"

"ಇಲಾಖೆ ಕ್ರಮ ಕಣೇ. ಕಾರಣ ಸಿಕ್ಕಮೇಲೆ ಖಾಲಿ ಬಿಡೋ ಹಾಗಿಲ್ಲ," ಎಂದ ಅವನು, ಅವಳ ಮುಖ ನೋಡಿ. ಮುಖವನ್ನೇ ನೋಡಿ, ಚಪ್ಪಲಿಯನ್ನಲ್ಲ.

ಅವಳು ಪುಸ್ತಕ ಅವನ ಜೇಬಿಗೆ ತುರುಕಿ, ಹಾರನ್ ಒಮ್ಮೆ ಬಾರಿಸಿದಳು. "ಸಾಕು, ಇಳೀರಿ. ಇನ್ನೂ ಇಪ್ಪತ್ಮೂರು ಮನೆ ಇದೆ. ನನಗೆ ಸಂಜೆಯೊಳಗೆ ಎರಡು ಕೋಟು ಮುಗಿಸಬೇಕು."

ಮೀಟರಣ್ಣ ಹಗ್ಗ ಬಿಚ್ಚಿ ಇಳಿದು, ಮೊದಲನೇ ಮನೆಯ ಬಾಗಿಲು ತಟ್ಟಿದ.